ಹಡಗನ್ನು ಕೊಳೆಸಿದ್ದು ಮಳೆನೀರು

ಜೂನ್ ಎರಡನೇ ವಾರ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. "ಡೆಕ್ ಮೇಲೆ ಕಾಲಿಟ್ಟರೆ ಮೆತ್ತಗೆ ಕುಸೀತಿದೆ, ಒಂದ್ಸಲ ಬಂದು ನೋಡಿ ಅಣ್ಣಾ." ಡೆಕ್ ಅಂದರೆ ಮನೆಯ ಹೊರಗೆ ಮರದ ಹಲಗೆ ಹಾಸಿ ಮಾಡಿದ ಜಗಲಿ. ಕೊಡಗಿನಲ್ಲಿ ಹಳೆ ಮನೆಗಳ ಮರ ರಿಪೇರಿ ಮಾಡುವುದು ನನ್ನ ಕಸುಬು. ಈಚೆಗೆ ಐನ್‌ಮನೆಗಳಿಗಿಂತ, ಅಂದರೆ ಕೊಡವ ಕುಟುಂಬಗಳ ಹಿರಿಯರ ಮನೆಗಳಿಗಿಂತ, ಹೋಂಸ್ಟೇ ಕೆಲಸವೇ ಜಾಸ್ತಿ. ಹೋದ ಕಡೆಯಲ್ಲೆಲ್ಲ ಕಾಫಿ ಕೊಡುತ್ತಾರೆ, ಜೊತೆಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ಹಡಗು ನೂರಾರು ವರ್ಷ ಸಮುದ್ರದಲ್ಲೇ ಇರುತ್ತಲ್ಲ, ಅದೂ ಮರದ್ದೇ ಅಲ್ವಾ? ನಮ್ಮದು ಮೂರು ಮಳೆಗೇ ಹೋಯ್ತಲ್ಲ?"

ಈ ಪ್ರಶ್ನೆಗೆ ನಾನು ಉತ್ತರ ಹೇಳಿ ಹೇಳಿ ಸಾಕಾಗಿದ್ದೇನೆ. ಒಂದು ಸಲ ಬರೆದೇ ಬಿಡೋಣ ಅನಿಸಿತು.

ಮರ ನೀರಿನಲ್ಲಿದ್ದ ಮಾತ್ರಕ್ಕೆ ಕೊಳೆಯುವುದಿಲ್ಲ. ಕೊಳೆಸುವುದು ಶಿಲೀಂಧ್ರ, ನಮ್ಮ ಅಣಬೆಯ ದಾಯಾದಿ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಪೂರ್ತಿ ಮುಳುಗಿ ನೀರು ಕುಡಿದ ಮರದಲ್ಲಿ ಗಾಳಿಗೆ ಜಾಗವಿಲ್ಲ. ಶೇಕಡಾ 20ಕ್ಕಿಂತ ಕಡಿಮೆ ತೇವ ಇರುವ ಮರದಲ್ಲಿ ಅದಕ್ಕೆ ಕುಡಿಯಲು ನೀರಿಲ್ಲ. ಅಂದರೆ ಮರ ಒಂದೋ ಯಾವಾಗಲೂ ನೆನೆದಿರಬೇಕು, ಇಲ್ಲವೋ ಯಾವಾಗಲೂ ಒಣಗಿರಬೇಕು. ನಡುವೆ ಸಿಕ್ಕಿಕೊಂಡರೆ ಮುಗಿಯಿತು. ಸಮುದ್ರದ ಉಪ್ಪಂತೂ ಆ ಶಿಲೀಂಧ್ರಕ್ಕೆ ಆಗಿಬರುವುದೇ ಇಲ್ಲ. ಹಾಯಿ ಹಡಗಿಗೆ ಕೊಳೆ ಹಿಡಿಯುತ್ತಿದ್ದದ್ದು ಹೆಚ್ಚಾಗಿ ಮೇಲಿನಿಂದ. ಮಳೆನೀರು ಡೆಕ್ಕಿನ ಸಂದಿಯಲ್ಲಿ ಇಳಿದು, ಗಾಳಿಯಾಡಿ ಒಣಗದ ಮೂಲೆಯಲ್ಲಿ ನಿಂತು, ಒಳಗಿನಿಂದ ತಿನ್ನುತ್ತಿತ್ತು.

ನಂಬಿಕೆ ಬರದಿದ್ದರೆ ಇಂಗ್ಲೆಂಡಿನ ಎರಡು ಹಡಗುಗಳನ್ನು ನೋಡಿ. (ಎಚ್‌ಎಂಎಸ್ ಅಂದರೆ ಬ್ರಿಟಿಷ್ ನೌಕಾಪಡೆಯ ಹಡಗು.) ಎಚ್‌ಎಂಎಸ್ ವಿಕ್ಟರಿ 1765ರಲ್ಲಿ ನೀರಿಗಿಳಿದದ್ದು, ಓಕ್ ಮರದ್ದು. 1922ರಲ್ಲಿ ಅದನ್ನು ಪೋರ್ಟ್ಸ್‌ಮತ್‌ನ ಡ್ರೈ ಡಾಕಿಗೆ, ಅಂದರೆ ನೀರು ಬಸಿದ ಹಡಗುಕಟ್ಟೆಗೆ, ತಂದು ಶಾಶ್ವತವಾಗಿ ನಿಲ್ಲಿಸಿದರು. ಸಮುದ್ರದ ಕಾಟ ತಪ್ಪಿತು. ಮಳೆಯ ಕಾಟ ತಪ್ಪಲಿಲ್ಲ. ಹೊರಗಿನ ಹಲಗೆಗಳು ಕೊಳೆತು, 2022ರಿಂದ ಮತ್ತೆ ದೊಡ್ಡ ರಿಪೇರಿ ನಡೆದಿದೆ. ಇನ್ನೊಂದು ಎಚ್‌ಎಂಎಸ್ ಟ್ರಿಂಕೋಮಲಿ. ಅದು ನಮ್ಮ ಮುಂಬೈಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿದ್ದು, 1817ರಲ್ಲಿ. ಹಾರ್ಟಲ್‌ಪೂಲಿನಲ್ಲಿ ಇವತ್ತಿಗೂ ತೇಲುತ್ತಿದೆ. ತೇಗದ ಎಣ್ಣೆ ಅಂಶದ ಪಾಲೂ ಅದರಲ್ಲಿದೆ, ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮ ಡೆಕ್ಕೂ ತೇಗದ್ದೇ ಆಗಿತ್ತಲ್ಲ?

ಇದಕ್ಕಿಂತ ಮಜಾ ಎಚ್‌ಎಂಎಸ್ ಕ್ವೀನ್ ಶಾರ್ಲೆಟ್ ಕತೆ. 1810ರಲ್ಲಿ ನೀರಿಗಿಳಿಸಿದ ಭಾರೀ ಯುದ್ಧನೌಕೆ ಅದು. ಯುದ್ಧಕ್ಕೆ ಹೋಗುವ ಮೊದಲೇ ಒಳಗೆ ಅಣಬೆ ಎದ್ದಿತ್ತು. ಯಾವ ಅಣಬೆ ಎಂದು ನೋಡಿ ಹೇಳಲು ಜೇಮ್ಸ್ ಸೋವರ್ಬಿ ಎಂಬ ಸಸ್ಯತಜ್ಞರನ್ನು ಕರೆಸಬೇಕಾಯಿತು. ಹಸಿ ಮರದಲ್ಲಿ ಅವಸರದ ಕೆಲಸ. ನಮ್ಮಲ್ಲೂ ಏಪ್ರಿಲಿನಲ್ಲಿ ಮರ ಕೊಯ್ಸಿ, ಮೇ ತಿಂಗಳಲ್ಲಿ ಹೊಡೆಸಿ, ಜೂನಿನಲ್ಲಿ ಬುಕಿಂಗ್ ತೆಗೆದುಕೊಳ್ಳುವವರಿದ್ದಾರೆ. ಅವರ ಡೆಕ್ಕಿನ ಅಡಿಯಲ್ಲೂ ನಾನು ಅಣಬೆ ನೋಡಿದ್ದೇನೆ.

ನನಗೆ ಹಡಗಿನ ಹುಚ್ಚು ಹತ್ತಿದ್ದು ಕೇರಳದ ಬೇಪುರದಲ್ಲಿ. ಕೆಲಸ ಕಲಿಯುವ ವಯಸ್ಸಿನಲ್ಲಿ ಎರಡು ಮಳೆಗಾಲ ಅಲ್ಲಿ ಉರು ಕಟ್ಟುವ ಕಡೆ ಕೈಯಾಳಾಗಿದ್ದೆ. ಉರು ಅಂದರೆ ಅರಬರಿಗೆ ಕಟ್ಟಿಕೊಡುವ ದೊಡ್ಡ ಮರದ ಹಡಗು. ಕಾಗದದ ಮೇಲೆ ಒಂದು ಗೆರೆ ಇಲ್ಲ. ಲೆಕ್ಕವೆಲ್ಲ ಮೇಸ್ತ್ರಿಯ ತಲೆಯಲ್ಲಿ. ಹೊರ ಹಲಗೆ ಮೊದಲು ಬಾಗಿಸಿ ಕೂಡಿಸುತ್ತಾರೆ, ಒಳಗಿನ ಪಕ್ಕೆಲುಬು ಆಮೇಲೆ. ನನಗೆ ಕೊಟ್ಟಿದ್ದು ಸಂದಿ ತುಂಬುವ ಕೆಲಸ. ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಬತ್ತಿ ಹೊಸೆದು, ಮೊಂಡು ಉಳಿ ಇಟ್ಟು, ಕೊಡತಿಯಿಂದ ಬಡಿದು ತುರುಕಬೇಕು. ಮೊದಮೊದಲು ಸದ್ದು ಬೊದ್ದೆಂದು ಬರುತ್ತದೆ. ಸಂದಿ ತುಂಬಿತೋ, ಗಟ್ಟಿಯಾಗಿ ಟಣ್ ಅನ್ನುತ್ತದೆ. ಮೇಸ್ತ್ರಿ ಆಚೆ ಕೂತು ಬೀಡಿ ಸೇದುತ್ತಾ ಕಿವಿಯಲ್ಲೇ ನನ್ನ ಕೆಲಸ ನೋಡುತ್ತಿದ್ದರು. ಸದ್ದು ಸರಿ ಬರಲಿಲ್ಲ ಅಂದರೆ ತಿರುಗಿ ಕೂಡ ನೋಡದೆ "ಅದನ್ನು ತೆಗಿ" ಅನ್ನುತ್ತಿದ್ದರು.

ಒಂದು ಉರು ನೀರಿಗಿಳಿದ ದಿನ ಒಳಗೆ ನೀರು ಜಿನುಗುವುದು ಕಂಡು ನನ್ನ ಎದೆ ಧಸಕ್ ಎಂದಿತ್ತು. ನನ್ನದೇ ತಪ್ಪು ಅಂದುಕೊಂಡೆ. ಮೇಸ್ತ್ರಿ ನಕ್ಕರು. ನಾಲ್ಕೈದು ದಿನದಲ್ಲಿ ಹಲಗೆಗಳು ನೀರು ಕುಡಿದು ಉಬ್ಬಿ, ಒಂದಕ್ಕೊಂದು ಒತ್ತಿಕೊಂಡು, ಜಿನುಗು ನಿಂತಿತು. ಹಡಗು ತನ್ನ ಬಾಗಿಲು ತಾನೇ ಹಾಕಿಕೊಳ್ಳುತ್ತದೆ, ಯಾಕೆಂದರೆ ಅದು ಮತ್ತೆ ಒಣಗುವುದೇ ಇಲ್ಲ.

ಇದನ್ನು ಸರಿಯಾಗಿ ಓದಿಕೊಳ್ಳಿ, ಯಾಕೆಂದರೆ ಎಡವುವುದು ಇಲ್ಲೇ. "ಹಡಗಿನ ಹಾಗೆ ಸಂದಿಯೇ ಇಲ್ಲದೆ ಮಾಡಿಕೊಡಿ" ಅನ್ನುತ್ತಾರೆ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರಿನ ಮೇಲೆ ಮಳೆ. ಮತ್ತೆ ಫೆಬ್ರವರಿ, ಮಾರ್ಚಿನಲ್ಲಿ ಚುರ್ ಅನ್ನುವ ಬಿಸಿಲು. ನಿಮ್ಮ ಡೆಕ್ಕಿನ ಮರ ಉಬ್ಬುತ್ತದೆ, ಕುಗ್ಗುತ್ತದೆ, ಮತ್ತೆ ಉಬ್ಬುತ್ತದೆ. ಸಂದಿ ಇಲ್ಲದಿದ್ದರೆ ಎದ್ದು ನಿಲ್ಲುತ್ತದೆ. ಸಿಲಿಕೋನ್ ತುಂಬಿದರೆ ಒಂದು ಬೇಸಿಗೆಗೆ ಬಿರುಕು ಬಿಡುತ್ತದೆ. ಆ ಬಿರುಕಲ್ಲಿ ನೀರು ಇಳಿಯುತ್ತದೆ, ಮೇಲೆ ಬರಲು ದಾರಿ ಇರುವುದಿಲ್ಲ. ಗಾಜಿನ ಹಾಗೆ ಮಿನುಗುವ ಪಾಲಿಶ್ ದಪ್ಪಗೆ ಬಳಿಸಿದ್ದರಂತೂ ಕೇಳಲೇ ಬೇಡಿ. ಮರಕ್ಕೆ ರೈನ್‌ಕೋಟ್ ಹಾಕಿ ಒಳಗೆ ನೀರು ಬಿಟ್ಟ ಹಾಗೆ.

ಹೋದ ವರ್ಷ ಒಂದು ಹೋಂಸ್ಟೇಯಲ್ಲಿ ಇಂಥದ್ದೇ ಡೆಕ್. ಮೇಲೆ ಮುಖ ಕಾಣುವಷ್ಟು ಹೊಳಪು. ಸ್ಕ್ರೂಡ್ರೈವರ್ ತೆಗೆದು ಹಲಗೆಯ ತುದಿಗೆ ಚುಚ್ಚಿದೆ. ಬೆಣ್ಣೆಗೆ ಇಳಿದ ಹಾಗೆ ಹಿಡಿಯವರೆಗೂ ಇಳಿಯಿತು. ಮಾಲೀಕರು ಪಾಪ, ಒಳ್ಳೆಯ ಮನುಷ್ಯ. ಐದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಕೇಳಿದರು: "ಹಾಗಾದರೆ ಹಡಗಿನವರು ಡೆಕ್ ದಿನಾ ತೊಳೀತಿದ್ದದ್ದು ಸುಳ್ಳಾ?" ಸುಳ್ಳಲ್ಲ. ಅವರು ತೊಳೆಯುತ್ತಿದ್ದದ್ದು ಸಮುದ್ರದ ಉಪ್ಪು ನೀರಿನಲ್ಲಿ. ನೀವು ಬೋರ್‌ವೆಲ್ ನೀರಿನಲ್ಲಿ. ಅಮೆರಿಕದಲ್ಲಿ ಹಡಗು ಕಟ್ಟುವಾಗ ಪಕ್ಕೆಲುಬುಗಳ ನಡುವೆ ಕಲ್ಲುಪ್ಪು ತುಂಬುವ ಪದ್ಧತಿಯೇ ಇತ್ತು. ಹಾಗಂತ ಇದನ್ನು ಓದಿ ಯಾರೂ ಜಗಲಿಗೆ ಉಪ್ಪು ನೀರು ಹೊಯ್ಯಬೇಡಿ, ದಮ್ಮಯ್ಯ. ಮೊಳೆ, ಸ್ಕ್ರೂ ತುಕ್ಕು ಹಿಡಿದು ನನ್ನನ್ನೇ ಬೈಯುತ್ತೀರಿ.

ಸಮುದ್ರದಲ್ಲಿ ಮರಕ್ಕೆ ಶತ್ರುವೇ ಇಲ್ಲ ಅಂತಲೂ ಅಲ್ಲ. ಹಡಗುಹುಳು ಅಂತ ಒಂದಿದೆ. ಹೆಸರು ಹುಳು, ಜಾತಿಯಲ್ಲಿ ಮರುವಾಯಿಯ, ಅಂದರೆ ಕಡಲಿನ ಚಿಪ್ಪುಜೀವಿಯ, ನೆಂಟ. ಹಲಗೆಯನ್ನು ಜರಡಿ ಮಾಡುತ್ತದೆ. ಅದರ ಕಾಟಕ್ಕೇ ಬ್ರಿಟಿಷರು 1761ರಲ್ಲಿ ಎಚ್‌ಎಂಎಸ್ ಅಲಾರ್ಮ್ ತಳಕ್ಕೆ ತಾಮ್ರದ ತಗಡು ಹೊಡೆದು ನೋಡಿದ್ದು. ಸ್ವೀಡನ್ನಿನ ವಾಸಾ ಹಡಗು 1628ರಲ್ಲಿ ಮುಳುಗಿ 1961ರಲ್ಲಿ ಹೆಚ್ಚುಕಮ್ಮಿ ಇಡಿಯಾಗಿ ಮೇಲೆ ಬಂತಲ್ಲ, ಅದಕ್ಕೆ ಒಂದು ಮುಖ್ಯ ಕಾರಣ ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆ, ಈ ಹುಳು ಅಲ್ಲಿ ಬದುಕುವುದಿಲ್ಲ. ಮಡಿಕೇರಿಯಲ್ಲೂ ಇಲ್ಲ, ನೆಮ್ಮದಿಯಾಗಿರಿ.

ಕೊಡಗಿಗೂ ಹಡಗಿಗೂ ಏನು ಸಂಬಂಧ ಎಂದು ನಗುವವರಿದ್ದಾರೆ. ನಮ್ಮ ಪಶ್ಚಿಮದ ಘಾಟಿ ಕಾಡಿನ ಪೂನ್ ಮರ ಒಂದು ಕಾಲದಲ್ಲಿ ಹಾಯಿ ಹಡಗುಗಳ ಕೂವೆಕಂಬಕ್ಕೆ, ಅಂದರೆ ಹಾಯಿ ಕಟ್ಟುವ ಕಂಬಕ್ಕೆ, ಹೋಗುತ್ತಿತ್ತು. ಬಾಣದಂತೆ ನೆಟ್ಟಗೆ ಬೆಳೆಯುವ, ಹಗುರವಾದ ಸುರಹೊನ್ನೆ ಜಾತಿ. (ಬಾಗಿಲಿಗೆ ಹಾಕುವ ಹೊನ್ನೆ ಬೇರೆ. ದಯವಿಟ್ಟು ಎರಡನ್ನೂ ಒಂದು ಮಾಡಬೇಡಿ.) ನಮ್ಮ ಕಾಫಿ ಘಟ್ಟ ಇಳಿದು ಮಂಗಳೂರು, ತಲಶ್ಶೇರಿಯಲ್ಲಿ ಹಡಗು ಹತ್ತುತ್ತಿತ್ತು. ಆಫ್ರಿಕಾ ಸುತ್ತಿಕೊಂಡು ತಿಂಗಳುಗಟ್ಟಲೆ ಪ್ರಯಾಣ. ಮರದ ಒಡಲಿನ ತೇವಕ್ಕೆ ಬೀಜ ಉಬ್ಬಿ, ಬಣ್ಣ ಬಿಳಚಿ, ಹುಳಿ ಇಳಿದು ಬೇರೆಯದೇ ರುಚಿ ಬರುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿ ಹಡಗು ಬಂದ ಮೇಲೆ ಕಾಫಿ ಬೇಗ ತಲುಪತೊಡಗಿತು. ಯುರೋಪಿನವರಿಗೆ ಹಳೆ ರುಚಿಯೇ ಬೇಕು! ಅದಕ್ಕೇ ಈಗಲೂ ಕರಾವಳಿಯ ಗೋದಾಮುಗಳಲ್ಲಿ ಕಾಫಿಗೆ ಮುಂಗಾರಿನ ಗಾಳಿ ಕುಡಿಸಿ ಮಾನ್ಸೂನ್ಡ್ ಮಲಬಾರ್ ಮಾಡುವುದು. ಒಣ ಬೀಜವನ್ನೇ ಉಬ್ಬಿಸಿದ ತೇವ ಹಡಗಿನ ಒಳ ಮೂಲೆಯ ಮರಕ್ಕೆ ಏನು ಮಾಡಿರಬೇಕು, ನೀವೇ ಲೆಕ್ಕ ಹಾಕಿ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಐನ್‌ಮನೆಯ ಕೈಸಾಲೆಯಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ, ಕಂಬದಿಂದ ಕಂಬಕ್ಕೆ ಹಾಕಿದ ಐಮರದ ಹಲಗೆ ನೋಡಿ. ನೂರು ವರ್ಷ ದಾಟಿದ್ದು ಎಷ್ಟೋ ಇವೆ. ಬಳಿದಿದ್ದು ಏನೂ ಇಲ್ಲ, ಕೂತವರ ಪಂಚೆ ಉಜ್ಜಿ ಬಂದ ಹೊಳಪು ಅಷ್ಟೆ. ಮೇಲೆ ಉದ್ದಕ್ಕೆ ಚಾಚಿದ ಸೂರು, ಸುತ್ತ ಗಾಳಿ, ಹೊರಗಿನ ಬಿಳಿ ಭಾಗ ಕೆತ್ತಿ ತೆಗೆದ ಬರೀ ಚೇಗು.

ಎಲ್ಲ ಮನೆಗೂ ಒಂದೇ ಮದ್ದು ಎಂದು ನಾನು ಹೇಳುವುದಿಲ್ಲ. ಮರ ನೋಡದೆ ಫೋನಿನಲ್ಲಿ ಏನೂ ಹೇಳಲಾಗದು, ವಾಟ್ಸ್ಆ್ಯಪಿನ ಫೋಟೋದಲ್ಲಂತೂ ಸಾಧ್ಯವೇ ಇಲ್ಲ. ಆ ಹೋಂಸ್ಟೇಯಲ್ಲಿ ಹಲಗೆಗಳ ನಡುವೆ ಕಿರುಬೆರಳ ಉಗುರಿನಷ್ಟು ಸಂದಿ ಬಿಟ್ಟೆ, ಕೆಳಗೆ ಗಾಳಿ ಹೋಗಲು ಕಟ್ಟೆ ಒಡೆಸಿದೆ, ತುದಿಗಳಿಗೆ ಎಣ್ಣೆ ಕುಡಿಸಿದೆ. ಮಾಲೀಕರಿಗೆ ಹಡಗಿನ ಆಸೆ ಮಾತ್ರ ಹೋಗಲಿಲ್ಲ. ಗೋಡೆಗೆ ಹಡಗಿನ ಚಕ್ರವಾದರೂ ಬೇಕು, ಅದೂ ಓಕಿನದ್ದೇ ಆಗಬೇಕು, ತೋಟದಲ್ಲಿ ಸಿಲ್ವರ್ ಓಕ್ ಬೇಕಾದಷ್ಟಿದೆ ಅಂದರು. ಸಿಲ್ವರ್ ಓಕ್ ಓಕೇ ಅಲ್ಲ, ಆಸ್ಟ್ರೇಲಿಯಾದಿಂದ ಬಂದ ನೆರಳಿನ ಮರ ಎಂದು ಬಾಯಿ ತುದಿಗೆ ಬಂದಿತ್ತು. ಕಾಳುಮೆಣಸಿನ ಬಳ್ಳಿ ಬಿಡಿಸಿ ಒಂದು ತುಂಡು ಆಗಲೇ ತಂದಿಟ್ಟಿದ್ದರು. ಸುಮ್ನೆ ಅಳತೆ ಬರೆದುಕೊಂಡು ಬಂದೆ.