ಬೋರ್‌ಗೆ ಬಂದ ಎಂಜಿನ್ ಯಾರ ಕೈಗೆ?

ಹಳೇ ಮಾರುತಿ 800 ನೀಲಿ ಹೊಗೆ ಬಿಡತೊಡಗಿದರೆ ಮೆಕ್ಯಾನಿಕ್ ಹೇಳುವುದು ಒಂದೇ ಮಾತು: "ಬೋರ್‌ಗೆ ಬಂದಿದೆ ಸಾರ್, ಆಯಿಲ್ ಕುಡೀತಿದೆ." ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆಯ, ಅದೇ ಸಿಲಿಂಡರಿನ, ಒಳಭಾಗ ಸವೆದಿದೆ. ಆ ಒಳಭಾಗವೇ ಬೋರ್. ಆಗ ಕೆಲವರಿಗೆ ಕೈ ತುರಿಸುತ್ತದೆ. ಇರುವುದು ಬರೀ 3 ಸಿಲಿಂಡರ್, 796 ಸಿಸಿ. ಸ್ಪ್ಯಾನರ್ ಸೆಟ್ ಇದೆ, ವಿಡಿಯೋಗಳಿವೆ, ಭಾನುವಾರವಿದೆ. ನಾವೇ ಬಿಚ್ಚಿ ಕಟ್ಟಿದರೆ?

ಬಿಚ್ಚುವುದು ಕಷ್ಟವಲ್ಲ. ತಾಳ್ಮೆ ಇದ್ದರೆ ಕಟ್ಟುವುದೂ ಅಷ್ಟೇನೂ ಕಷ್ಟವಲ್ಲ. ಹೀಗಂದರೆ ಗ್ಯಾರೇಜಿನವರು ನನ್ನನ್ನು ಬೈಯಬಹುದು, ಇರಲಿ. ಕಷ್ಟ ಇರುವುದು ಇವೆರಡರ ನಡುವೆ, ಅಳತೆಯಲ್ಲಿ.

ಸಿಲಿಂಡರ್ ಹೇಗೆ ಸವೆಯುತ್ತದೆ ನೋಡಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಪಿಸ್ಟನ್ನೂ ಸೆಕೆಂಡಿಗೆ 100 ಸಲ ನಿಂತು ಹಿಂದೆ ತಿರುಗುತ್ತದೆ. ಮಳೆಯಲ್ಲಿ ಜೋರಾಗಿ ಹೋಗುವ ಟೈರು ನೀರಿನ ಮೇಲೆ ತೇಲುತ್ತದಲ್ಲ, ಪಿಸ್ಟನ್ನಿನ ಸುತ್ತ ಕೂತ ಲೋಹದ ಬಳೆ, ಅಂದರೆ ರಿಂಗು, ಆಯಿಲ್ ಪದರದ ಮೇಲೆ ತೇಲುವುದೂ ಹಾಗೆಯೇ. ಅದಕ್ಕೆ ವೇಗ ಬೇಕು. ತುದಿಯಲ್ಲಿ ವೇಗ ಸೊನ್ನೆಯಾದಾಗ ತೇಲುವುದೂ ನಿಲ್ಲುತ್ತದೆ. ಮೇಲಿನ ತುದಿಯಲ್ಲಂತೂ ಬಿಸಿ ಜಾಸ್ತಿ, ಆಯಿಲ್ ತೆಳು, ಉರಿಯುವ ಅನಿಲ ಬೇರೆ ರಿಂಗನ್ನು ಗೋಡೆಗೆ ಒತ್ತುತ್ತಿರುತ್ತದೆ. ಹಾಗಾಗಿ ಬೋರ್ ಅಲ್ಲೇ ಹೆಚ್ಚು ಸವೆಯುತ್ತದೆ. ಜೊತೆಗೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಒಂದು ಪಕ್ಕಕ್ಕೆ ಏಟು ಜಾಸ್ತಿ. ಗುಂಡಗಿದ್ದ ಬೋರ್ ಮೇಲೆ ಅಗಲ, ಕೆಳಗೆ ಕಿರಿದು, ಅಡ್ಡಕ್ಕೆ ಮೊಟ್ಟೆಯಾಕಾರ.

ಇಂಥ ಬೋರಿಗೆ ಸುಮ್ನೆ ಹೊಸ ರಿಂಗ್ ಹಾಕಿದರೆ ಹೊಗೆ ವಾಪಸ್ ಬರುತ್ತದೆ. ಎಷ್ಟು ಸವೆದಿದೆ ಅಂತ ಮೊದಲು ಗೊತ್ತಾಗಬೇಕು. ಮೂರು ಎತ್ತರದಲ್ಲಿ, ಎರಡು ದಿಕ್ಕಿನಲ್ಲಿ, ಮೂರು ಸಿಲಿಂಡರಿಗೆ 18 ಅಳತೆ. ಪಿಸ್ಟನ್ನಿಗೂ ಗೋಡೆಗೂ ಇರಬೇಕಾದ ಸಂದು ಸುಮಾರು 0.04 ಮಿ.ಮೀ. ಸಾಮಾನ್ಯ ವರ್ನಿಯರ್ ತೋರಿಸುವ ಅತಿ ಚಿಕ್ಕ ಅಳತೆಯೇ 0.02 ಮಿ.ಮೀ. ಅದನ್ನು ನೆಚ್ಚಿಕೊಂಡರೆ ಬೆಲ್ಲ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. ಇದಕ್ಕೆ ಬೋರಿನ ಒಳ ಅಗಲ ಅಳೆಯುವ ಬೋರ್ ಗೇಜ್ ಬೇಕು, ಪಿಸ್ಟನ್ ಅಳೆಯಲು ಮೈಕ್ರೋಮೀಟರ್ ಬೇಕು, ಎಲ್ಲಿ ಹಿಡಿಯಬೇಕು ಅನ್ನುವ ತಿಳಿವಳಿಕೆ ಬೇಕು. ಯಾಕೆಂದರೆ ಪಿಸ್ಟನ್ ಪೂರ್ತಿ ಗುಂಡಗಿರುವುದಿಲ್ಲ! ಬಿಸಿಯಾದಾಗ ಅಲ್ಯೂಮಿನಿಯಂ ಬೀಡು ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಅದಕ್ಕೇ ಪಿಸ್ಟನ್ನನ್ನು ಬೇಕೆಂದೇ ಕೊಂಚ ಅಂಡಾಕಾರವಾಗಿ, ತಲೆಯ ಕಡೆ ಕಿರಿದಾಗಿ ಮಾಡಿರುತ್ತಾರೆ. ಅಳೆಯಬೇಕಾದ್ದು ಕೆಳಗಿನ ಅಂಚಿನ ಹತ್ತಿರ, ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಪಿನ್ನಿಗೆ ಅಡ್ಡಲಾಗಿ. ತಲೆಯ ಹತ್ತಿರ ಅಳೆದವರು ಹೊಸ ಪಿಸ್ಟನ್ನನ್ನೇ ಸವೆದಿದೆ ಎಂದುಕೊಂಡಾರು.

ಇಲ್ಲಿಗೆ ಮೆಕ್ಯಾನಿಕ್ ಕೂಡ ಸಿಲಿಂಡರುಗಳಿರುವ ಎಂಜಿನ್ನಿನ ಒಡಲನ್ನು, ಅಂದರೆ ಬ್ಲಾಕ್ ಹೊತ್ತುಕೊಂಡು, ಸವೆದ ಬೋರನ್ನು ಮತ್ತೆ ಗುಂಡಗೆ ಕೊರೆಯುವ ಬೋರಿಂಗ್ ಶಾಪಿಗೆ ಹೋಗುತ್ತಾರೆ. ಎಂಜಿನ್ನನ್ನು ಯಾರೂ ಒಬ್ಬರೇ ಕಟ್ಟುವುದಿಲ್ಲ. ಜರ್ಮನಿಯ ಅಫಾಲ್ಟರ್‌ಬಾಖ್‌ನಲ್ಲಿ ಮರ್ಸಿಡಿಸ್ ಕಾರುಗಳ ಎಎಂಜಿ ಎಂಜಿನ್ನುಗಳ ಮೇಲೆ ಕಟ್ಟಿದವರ ಸಹಿ ಇರುತ್ತದೆ, ಒಬ್ಬ ಮನುಷ್ಯ, ಒಂದು ಎಂಜಿನ್. ಅವರ ಕೈಗೂ ಬರುವುದು ಕೊರೆದು ಸಿದ್ಧವಾದ ಬ್ಲಾಕೇ. ಹೆಚ್ಚುಕಡಿಮೆ ಎಲ್ಲವನ್ನೂ ತಾನೇ ಮಾಡಿದವನು ಅಂದರೆ ನ್ಯೂಜಿಲೆಂಡಿನ ಬರ್ಟ್ ಮನ್ರೋ. 1920ರ ಇಂಡಿಯನ್ ಸ್ಕೌಟ್ ಬೈಕಿಗೆ ಮನೆಯಲ್ಲೇ ಪಿಸ್ಟನ್ ಎರಕ ಹೊಯ್ದು, 1967ರಲ್ಲಿ ಅಮೆರಿಕದ ಬಾನ್‌ವಿಲ್ ಉಪ್ಪಿನ ಬಯಲಲ್ಲಿ ಗಂಟೆಗೆ ಸುಮಾರು 296 ಕಿ.ಮೀ. ವೇಗದ ದಾಖಲೆ ಮಾಡಿದ. ಅವನ ಶೆಡ್ಡಿನಲ್ಲಿ ಮುರಿದ ಭಾಗಗಳದ್ದೇ ಒಂದು ಕಪಾಟಿತ್ತು. ವೇಗದ ದೇವರಿಗೆ ನೈವೇದ್ಯ ಅಂತ ಅದರ ಮೇಲೆ ಬರೆದಿದ್ದ.

ನನ್ನ ಲೆಕ್ಕದಲ್ಲಿ ಕೊರೆಯುವುದಕ್ಕೆ ದುಡ್ಡು ಕೊಡಿ, ಜೋಡಿಸುವುದನ್ನು ಬೇಕಾದರೆ ಇಟ್ಟುಕೊಳ್ಳಿ. ಮೊದಲು ಓವರ್‌ಸೈಜ್, ಅಂದರೆ ಮೊದಲಿದ್ದದ್ದಕ್ಕಿಂತ ಕೊಂಚ ದೊಡ್ಡ ಪಿಸ್ಟನ್ ಕೊಂಡು ಬ್ಲಾಕಿನ ಜೊತೆಗೇ ಕೊಡಿ, ಪಿಸ್ಟನ್ ನೋಡಿಯೇ ಬೋರ್ ಕೊರೆಯಬೇಕು. ಅಳತೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಾಳೆ ಎಂಜಿನ್ ಜಾಮ್ ಆದರೆ ಶಾಪಿನವರು ನಿಮ್ಮ ಜೋಡಣೆ ಸರಿಯಿಲ್ಲ ಅನ್ನುತ್ತಾರೆ, ನೀವು ಬೋರ್ ಸರಿಯಿಲ್ಲ ಅನ್ನುತ್ತೀರಿ. ಪೂರ್ತಿ ಕೆಲಸ ಒಬ್ಬರಿಗೇ ವಹಿಸಿದರೆ ಆ ಜಗಳವಿಲ್ಲ. ಅವರು ಕೇಳುವ ಹಣದಲ್ಲಿ ಇದರ ಪಾಲೂ ಇದೆ, ಅಲ್ವಾ?

ಜೋಡಣೆಯಲ್ಲಿ ನನಗಿಷ್ಟವಾದದ್ದು ರಿಂಗಿನ ಬಾಯಿ, ಅಂದರೆ ಅದರ ಎರಡು ತುದಿಗಳ ನಡುವಿನ ಸಂದು, ನೋಡುವುದು. ರಿಂಗನ್ನು ಬೋರಿನೊಳಗಿಟ್ಟು, ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ನೇರವಾಗಿ ಒಳಗೆ ತಳ್ಳಿ, ಬಾಯಿಯ ಸಂದಿಗೆ ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಿ. 68.5 ಮಿ.ಮೀ. ಬೋರಿಗೆ ಕಾಲು ಮಿ.ಮೀ. ಆಸುಪಾಸು ಇರಬೇಕು. ಕಡಿಮೆಯಾದರೆ ಬಿಸಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ಗುದ್ದಿ ಬೋರನ್ನೇ ಗೀರುತ್ತವೆ.

ಬ್ಲಾಕಿನ ಮೇಲಿನ ಮುಚ್ಚಳವನ್ನು ಬಿಗಿಯುವ ಹೆಡ್ ಬೋಲ್ಟಿಗೆ, ತಿರುಗಿಸುವ ಬಲವನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಬೇಕೇ ಬೇಕು. ನೀವು ಹಾಕುವ ಬಲದಲ್ಲಿ ನೂರಕ್ಕೆ ಸುಮಾರು 90 ಪಾಲು ಘರ್ಷಣೆಗೇ ಹೋಗುತ್ತದೆ, ಬೋಲ್ಟನ್ನು ಎಳೆದು ಬಿಗಿಯುವುದು ಉಳಿದ 10 ಪಾಲು. ಥ್ರೆಡ್ಡಿಗೆ ಆಯಿಲ್ ಸವರಿದರೆ ಒಂದು ಬಿಗಿ, ಒಣಗಿದ್ದರೆ ಇನ್ನೊಂದು, ವ್ರೆಂಚ್ ತೋರಿಸುವ ಅಂಕಿ ಮಾತ್ರ ಅದೇ. ಕೈಪಿಡಿ ಹೇಳಿದಂತೆಯೇ ಮಾಡಿ.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಆತುರ ಬೇಡ. ಆಯಿಲ್ ತುಂಬಿಸಿ, ಕಿಡಿ ಹಾರದಂತೆ ಇಗ್ನಿಷನ್ ವೈರ್ ಕಳಚಿ, ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿಟ್ಟು ಸ್ವಲ್ಪ ಸ್ವಲ್ಪ ಹೊತ್ತು ಸ್ಟಾರ್ಟರ್ ತಿರುಗಿಸಿ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಆರಿದ ಮೇಲೆ ಪ್ಲಗ್ ಹಾಕಿ.