ಕ್ಯಾಲ್ಕ್ಯುಲೇಟರ್‌ನ 'ಇ' ಮತ್ತು ವಿಶ್ವದ ಮೊದಲ ಚುಕ್ಕಿ

ಹೋದ ಬೇಸಿಗೆ ರಜೆಯಲ್ಲಿ ಅಕ್ಕನ ಮಗನನ್ನು ಚೌಡಯ್ಯ ರಸ್ತೆಯ ನೆಹರು ತಾರಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಶೋ ಮುಗಿಸಿ ಹೊರಗೆ ಬರುತ್ತಲೇ ಕೇಳಿದ: "ಮಾಮಾ, ಎಲ್ಲಾ ಒಂದು ಚುಕ್ಕಿಯಿಂದ ಬಂತು ಅಂತಾರಲ್ಲ, ಆ ಚುಕ್ಕಿ ಎಲ್ಲಿತ್ತು?" ಚುರುಮುರಿ ಕೊಡಿಸಿ ಬಾಯಿ ಮುಚ್ಚಿಸಿದೆ. ಆದರೆ ಅವನ ಅನುಮಾನ ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ವಿಶ್ವ ಹಿಗ್ಗಬಹುದು ಅಂತ 1922ರಲ್ಲಿ ರಷ್ಯಾದ ಗಣಿತಜ್ಞ ಫ್ರೀಡ್‌ಮನ್, ಐನ್‌ಸ್ಟೈನ್‌ರ ಗುರುತ್ವ ಸಮೀಕರಣಗಳಿಂದಲೇ ತೋರಿಸಿದರು. 1929ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಹಬಲ್, ದೂರದ ಗೆಲಾಕ್ಸಿಗಳು ಇನ್ನೂ ಜಾಸ್ತಿ ವೇಗದಲ್ಲಿ ದೂರ ಸರಿಯುವುದನ್ನು ಅಳೆದರು. ಈ ಲೆಕ್ಕವನ್ನು ಹಿಂದಕ್ಕೆ ಓಡಿಸಿದರೆ ಸುಮಾರು 1380 ಕೋಟಿ ವರ್ಷದ ಹಿಂದೆ ಸಾಂದ್ರತೆ ಅನಂತವಾಗುತ್ತದೆ. ಇದೇ ಸಿಂಗ್ಯುಲಾರಿಟಿ.

ಕಿರಾಣಿ ಅಂಗಡಿಯ ಕ್ಯಾಲ್ಕ್ಯುಲೇಟರ್‌ನಲ್ಲಿ ಒಂದನ್ನು ಸೊನ್ನೆಯಿಂದ ಭಾಗಿಸಿ ನೋಡಿ. ಮೂಲೆಯಲ್ಲಿ 'ಇ' ಅಂತ ಬರುತ್ತದೆ. ಅದು ಉತ್ತರವಲ್ಲ, ಲೆಕ್ಕ ಕೆಟ್ಟಿತು ಅನ್ನುವ ಸೂಚನೆ. ನನ್ನ ಪ್ರಕಾರ ಚುಕ್ಕಿಯೂ ಅಂಥ 'ಇ'ಯೇ. ಅದನ್ನು ಎಲ್ಲೋ ಇದ್ದ ಕಾಳು ಅಂದುಕೊಂಡಿದ್ದರಿಂದಲೇ ಇಷ್ಟೆಲ್ಲ ಗೊಂದಲ.

ಐನ್‌ಸ್ಟೈನ್‌ಗೂ ಈ ಸಿಂಗ್ಯುಲಾರಿಟಿ ಹಿಡಿಸಲಿಲ್ಲ. ತಕರಾರು ಸರಳವಾಗಿತ್ತು. ಫ್ರೀಡ್‌ಮನ್ ಲೆಕ್ಕದ ವಿಶ್ವ ಎಲ್ಲ ಕಡೆ ಒಂದೇ ಸಮ, ನಿಜವಾದದ್ದು ಹಾಗಿಲ್ಲವಲ್ಲ? ಟೌನ್‌ಹಾಲ್ ಸರ್ಕಲ್‌ಗೆ ನಾಲ್ಕೂ ಕಡೆಯಿಂದ ಸ್ಕೂಟರ್‌ಗಳು ಬರುತ್ತಿವೆ ಅಂದುಕೊಳ್ಳಿ. ಎಲ್ಲರೂ ಸರಿಯಾಗಿ ನಡುಮಧ್ಯಕ್ಕೇ ಗುರಿಯಿಟ್ಟರೆ ಡಿಕ್ಕಿ ಖಂಡಿತ. ಚೂರು ಆಚೀಚೆ ಆದರೂ ಪಕ್ಕದಲ್ಲಿ ನುಸುಳಿಕೊಂಡು ಹೋಗಬಹುದು, ಅಲ್ವಾ? ವಿಶ್ವವೂ ಹೀಗೇ ನುಸುಳಿ ಬಂದಿರಬಹುದು ಅನ್ನುವುದು ವಾದ.

ಇದನ್ನು ಮೊದಲು ಗಟ್ಟಿಯಾಗಿ ಕೆಣಕಿದವರು ಕೋಲ್ಕತ್ತದ ಭೌತವಿಜ್ಞಾನಿ ಅಮಲ್ ಕುಮಾರ್ ರಾಯ್‌ಚೌಧುರಿ. ಒಂದೇ ಸಮ ಅನ್ನುವ ಊಹೆಯನ್ನೇ ಅವರು ಕೈಬಿಟ್ಟರು. ವಸ್ತುಗಳ ದಾರಿಗಳು ಒಟ್ಟಿಗೆ ಹೇಗೆ ಹತ್ತಿರವಾಗುತ್ತವೆ ಅಂತ ಲೆಕ್ಕ ಹಾಕಿದರು. ಗುರುತ್ವ ಒಳಗೆಳೆಯುತ್ತದೆ. ಆಕಾರ ಓರೆಕೋರೆಯಾದರೆ ತಪ್ಪಿಸಿಕೊಳ್ಳುವ ಮಾತಿರಲಿ, ಕುಸಿತ ಇನ್ನೂ ಬೇಗ! ಗಿರಗಿರ ತಿರುಗುವಿಕೆ ಮಾತ್ರ ಅದನ್ನು ತಡೆಯಬಲ್ಲದು. 1953ರಲ್ಲಿ ಕಳಿಸಿದ ಪ್ರಬಂಧ ಅಚ್ಚಾಗಿದ್ದು 1955ರಲ್ಲಿ.

ಆದರೂ 1963ರಲ್ಲಿ ಸೋವಿಯತ್‌ನ ಲಿಫ್‌ಶಿಟ್ಜ್, ಖಲಾಟ್ನಿಕೊವ್ 'ಸಾಮಾನ್ಯವಾಗಿ ಸಿಂಗ್ಯುಲಾರಿಟಿ ಬರುವುದಿಲ್ಲ' ಅಂದರು. 1965ರಲ್ಲಿ ಬ್ರಿಟನ್‌ನ ಪೆನ್‌ರೋಸ್, ಕುಸಿಯುವ ನಕ್ಷತ್ರಕ್ಕೆ ಅದು ತಪ್ಪಿದ್ದಲ್ಲ ಅಂತ ಸಾಧಿಸಿದರು. ಹಾಕಿಂಗ್ ಅದೇ ವಾದವನ್ನು ಕಾಲದಲ್ಲಿ ಹಿಂದುಮುಂದಾಗಿ ತಿರುಗಿಸಿ ವಿಶ್ವದ ಆರಂಭಕ್ಕೆ ಹಚ್ಚಿದರು. ಸೋವಿಯತ್ ಜೋಡಿ ಕೊನೆಗೆ ಮಾತು ಹಿಂದಕ್ಕೆ ತೆಗೆದುಕೊಂಡಿತು. 1970ರ ಹಾಕಿಂಗ್-ಪೆನ್‌ರೋಸ್ ಪ್ರಮೇಯವನ್ನು ಗಮನವಿಟ್ಟು ಓದಬೇಕು. ಅದು 'ಚುಕ್ಕಿ ಇತ್ತು' ಅನ್ನುವುದಿಲ್ಲ. ಐನ್‌ಸ್ಟೈನ್ ಸಿದ್ಧಾಂತ ಸರಿಯಿದ್ದು, ಗುರುತ್ವ ಎಳೆಯುತ್ತಲೇ ಇದ್ದರೆ, ವಸ್ತು ಇಲ್ಲವೇ ಬೆಳಕು ಸಾಗುವ ಕೆಲವು ದಾರಿಗಳಾದರೂ ಎಲ್ಲೋ ಒಂದು ಕಡೆ ಮುಗಿದೇ ಹೋಗುತ್ತವೆ ಅನ್ನುತ್ತದೆ, ಅಷ್ಟೇ.

ಆ 'ಇದ್ದರೆ' ಮೇಲೆಯೇ ಈಗಿನ ಜಗಳ. ತೀರಾ ಸಣ್ಣ ಅಳತೆಯಲ್ಲಿ ಕ್ವಾಂಟಂ ನಿಯಮಗಳನ್ನು, ಅಂದರೆ ಅತಿ ಸೂಕ್ಷ್ಮ ಕಣಗಳ ನಡವಳಿಕೆಯ ನಿಯಮಗಳನ್ನು, ಬಿಟ್ಟು ಲೆಕ್ಕ ಮಾಡುವಂತಿಲ್ಲ. ಹಾಕಿಂಗ್ ಕೂಡ ಆಮೇಲೆ ನಿಲುವು ಬದಲಿಸಿದರು. 1983ರಲ್ಲಿ ಭೌತವಿಜ್ಞಾನಿ ಹಾರ್ಟಲ್ ಜೊತೆ ಸೇರಿ, ಆರಂಭದ ಅಂಚೇ ಇಲ್ಲದ ವಿಶ್ವದ ಮಾದರಿ ಮುಂದಿಟ್ಟರು. 2006ರಲ್ಲಿ ಭೌತವಿಜ್ಞಾನಿ ಅಭಯ್ ಅಷ್ಟೇಕರ್ ಮತ್ತು ಜೊತೆಗಾರರ ಲೆಕ್ಕದಲ್ಲಿ, ಕುಗ್ಗುತ್ತಿದ್ದ ವಿಶ್ವ ಒಂದು ಹಂತದಲ್ಲಿ ಚೆಂಡಿನಂತೆ ಪುಟಿದು ಹಿಗ್ಗತೊಡಗುತ್ತದೆ. ಚುಕ್ಕಿಯೇ ಬೇಕಿಲ್ಲ.

ಇವುಗಳಲ್ಲಿ ಯಾವುದು ಸರಿ ಅಂತ ಪರೀಕ್ಷಿಸುವುದು ಕಷ್ಟ. ನಮಗೆ ಸಿಗುವ ಅತಿ ಹಳೆಯ ಬೆಳಕೇ ಆರಂಭದ ಸುಮಾರು 3.8 ಲಕ್ಷ ವರ್ಷದ ನಂತರದ್ದು. ಅದಕ್ಕೂ ಈಚಿನ, ಮೊದಲ ನಕ್ಷತ್ರಗಳ ಕಾಲದ ರೇಡಿಯೋ ಸುಳಿವಿಗಾಗಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ಶರಾವತಿ ಹಿನ್ನೀರಿನ ಮೇಲೆ ಆಂಟೆನಾ ತೇಲಿಬಿಟ್ಟಿದ್ದರು.