ಸಾರ್ವಜನಿಕ ಭೂಮಿಯಲ್ಲಿ ಆಫ್-ರೋಡ್ ವಾಹನ: ಅಮೆರಿಕದ ನಿಯಮಗಳನ್ನು ಓದುವ ಬಗೆ

ರಸ್ತೆ ಬಿಟ್ಟು ಓಡುವ ಗಾಡಿಗಳ ಬಗೆಗಿನ ಈ ಪಾಠದಲ್ಲಿ ಆದೇಶಗಳು, ಇಸವಿಗಳು ಜಾಸ್ತಿ. ಸುಮ್ನೆ ಉರು ಹೊಡೆದರೆ ತಲೆಯಲ್ಲಿ ನಿಲ್ಲುವುದಿಲ್ಲ. ಒಂದೇ ಪ್ರಶ್ನೆ ಹಿಡಿದುಕೊಂಡು ಓದಿ: ಈ ದಾರಿಯಲ್ಲಿ ಗಾಡಿ ಓಡಿದರೆ ಪರವಾಗಿಲ್ಲ ಎಂದು ತೋರಿಸುವ ಹೊಣೆ ಯಾರದು?

ಮೊದಲು ಜಾಗದ ಅಂದಾಜು ಇರಲಿ. ಅಮೆರಿಕದ ಅರಣ್ಯ ಸೇವೆಯ ಕೈಯಲ್ಲಿ ಸುಮಾರು 19 ಕೋಟಿ ಎಕರೆ ಇದೆ. ಬಿಎಲ್‌ಎಂ ಎಂಬ ಭೂ ನಿರ್ವಹಣಾ ಸಂಸ್ಥೆಯ ಕೈಯಲ್ಲಿ ಸುಮಾರು 24 ಕೋಟಿ ಎಕರೆ. ಇಡೀ ಕರ್ನಾಟಕ ಸೇರಿದರೂ 5 ಕೋಟಿ ಎಕರೆ ಮುಟ್ಟುವುದಿಲ್ಲ! ಇಷ್ಟು ಜಾಗಕ್ಕೆ ಬೇಲಿ ಹಾಕಿ ಕಾಯಲು ಆಗದು, ಅಲ್ವಾ? ಹಾಗಾಗಿ ನಿಯಮ ಹೇಗೆ ಬರೆದಿದ್ದಾರೆ ಎಂಬುದೇ ಇಲ್ಲಿ ಮುಖ್ಯ.

1972ರ ಫೆಬ್ರವರಿ 8ರಂದು ಅಧ್ಯಕ್ಷ ನಿಕ್ಸನ್ 11644ನೇ ಆದೇಶ ಹೊರಡಿಸಿದರು. ದೇಶದಲ್ಲಿ ಆಗಲೇ ಸುಮಾರು 50 ಲಕ್ಷ ಆಫ್-ರೋಡ್ ವಾಹನಗಳಿವೆ ಎಂದು ಆದೇಶದಲ್ಲೇ ಬರೆದಿತ್ತು. ಗಾಡಿಗಳಿಗೆ ದಾರಿ ಗುರುತಿಸುವಾಗ ಮಣ್ಣು, ನೀರು, ಗಿಡಗಳಿಗೆ ಆಗುವ ಹಾನಿ ಆದಷ್ಟು ಕಡಿಮೆ ಇರಬೇಕು. ಕಾಡುಪ್ರಾಣಿಗಳಿಗೆ ಕಾಟ ಕಡಿಮೆ ಇರಬೇಕು. ನಡೆದು ಹೋಗುವವರ ಜೊತೆ, ಬೇರೆ ಬಳಕೆದಾರರ ಜೊತೆ ತಿಕ್ಕಾಟವೂ ಕಡಿಮೆ ಇರಬೇಕು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಇದಕ್ಕೆ ಇನ್ನೊಂದು ಮಾತು ಸೇರಿಸಿದರು: ದೊಡ್ಡ ಹಾನಿ ಆಗುತ್ತಿದೆ ಎಂದು ಆ ಭೂಮಿ ನೋಡಿಕೊಳ್ಳುವ ಸಂಸ್ಥೆಯ ಮುಖ್ಯಸ್ಥರಿಗೆ ಖಚಿತವಾದರೆ ಆ ಜಾಗವನ್ನು ತಕ್ಷಣ ಮುಚ್ಚಬೇಕು.

ಮಣ್ಣಿನ ಬಗ್ಗೆ ಇಷ್ಟು ಕಾಳಜಿ ಯಾಕೆ? ಯೂಟಾ ರಾಜ್ಯದ ಮೋಆಬ್ ಪಟ್ಟಣದ ಸುತ್ತಲಿನ ಒಣನೆಲ ನೋಡಿ. ಅಲ್ಲಿ ಮರಳಿನ ಮೇಲೆ ಕಪ್ಪಗೆ, ಉಬ್ಬುತಗ್ಗಾಗಿ ಒಂದು ಪದರ ಕಾಣುತ್ತದೆ. ಅದು ಜೀವಂತ ಪದರ. ಸೈನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳ ಸಣ್ಣ ಎಳೆಗಳು ಮರಳಿನ ಕಣಗಳನ್ನು ಒಂದಕ್ಕೊಂದು ಹೆಣೆದು ಹಿಡಿದಿರುತ್ತವೆ. ಜೊತೆಗೆ ಕಲ್ಲುಹೂವು, ಪಾಚಿ ಬೆಳೆದಿರುತ್ತವೆ. ಗಾಳಿಗೆ ಮಣ್ಣು ಹಾರದಂತೆ ತಡೆಯುವುದು, ಗಿಡಗಳಿಗೆ ಸಾರಜನಕ ಒದಗಿಸುವುದು ಇದೇ ಪದರ. ಒಂದು ಟೈರ್ ಹಾದರೆ ಸಾಕು, ಪುಡಿಯಾಗುತ್ತದೆ. ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ 1942ರಲ್ಲಿ ಜನರಲ್ ಪ್ಯಾಟನ್ ಅವರ ಸೇನೆ ತರಬೇತಿ ಮಾಡಿತ್ತು. ಆಗಿನ ಟ್ಯಾಂಕ್‌ಗಳ ಜಾಡು ಇಂದಿಗೂ ಕಾಣಿಸುತ್ತದೆ. ‘ನಾನೊಬ್ಬ ಹೋದರೆ ಏನಾಗುತ್ತದೆ’ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಈಗ 2005ಕ್ಕೆ ಬನ್ನಿ. ನನ್ನ ಪ್ರಕಾರ ಇಡೀ ಪಾಠದಲ್ಲಿ ದೊಡ್ಡ ತಿರುವು ಇದೇ. ಅದಕ್ಕೂ ಮೊದಲು ಬಹಳಷ್ಟು ರಾಷ್ಟ್ರೀಯ ಅರಣ್ಯಗಳಲ್ಲಿ, ಮುಚ್ಚಿದೆ ಎಂಬ ಫಲಕ ಇಲ್ಲದಿದ್ದರೆ ಹೋಗಬಹುದಿತ್ತು. ಅರಣ್ಯ ಸೇವೆಯ ಹೊಸ ನಿಯಮ ಇದನ್ನು ತಿರುಗಿಸಿ ಹಾಕಿತು. ನಕ್ಷೆಯಲ್ಲಿ ಗುರುತಿಸಿದ ದಾರಿಯಲ್ಲಿ ಮಾತ್ರ ಗಾಡಿ ಓಡಿಸಬೇಕು, ಉಳಿದದ್ದೆಲ್ಲ ಮುಚ್ಚಿದಂತೆ. ಈ ನಕ್ಷೆ ಉಚಿತವಾಗಿ ಸಿಗುತ್ತದೆ. ನೋಡಲು ಏನೂ ಚೆಂದವಿಲ್ಲ, ಬರೀ ಕಪ್ಪು-ಬಿಳುಪು ಗೆರೆಗಳು. ಆದರೆ ಯಾವ ದಾರಿಗೆ ಯಾವ ಬಗೆಯ ಗಾಡಿ, ವರ್ಷದ ಯಾವ ತಿಂಗಳುಗಳಲ್ಲಿ ಎಂಬುದೆಲ್ಲ ಅದರಲ್ಲಿದೆ. ‘ಅಲ್ಲಿ ಫಲಕ ಇರಲಿಲ್ಲ’ ಎಂಬ ನೆಪ ನಡೆಯುವುದಿಲ್ಲ. ನಕ್ಷೆ ನೋಡಿಕೊಳ್ಳುವುದು ಸವಾರನ ಕೆಲಸ. ಮೋಆಬ್ ಕಡೆ ಜೀಪ್ ಬಾಡಿಗೆಗೆ ಹಿಡಿದು ಹೋಗುವ ನಮ್ಮ ಕನ್ನಡಿಗರೂ ಇದನ್ನು ತಿಳಿದಿರಬೇಕು.

ಬಿಎಲ್‌ಎಂ ಪದ್ಧತಿ ಬೇರೆ. ಅಲ್ಲಿ ಜಾಗಗಳನ್ನು ಮುಕ್ತ, ಸೀಮಿತ, ಮುಚ್ಚಿದ ಎಂದು ವಿಂಗಡಿಸುತ್ತಾರೆ. ಮುಕ್ತ ಜಾಗದಲ್ಲಿ ದಾರಿ ಬಿಟ್ಟೂ ಓಡಿಸಬಹುದು.

ಇನ್ನು ತೀರ್ಪುಗಳು. ಮೊಂಟಾನಾದ ಒಂದು ರಾಷ್ಟ್ರೀಯ ಅರಣ್ಯದಲ್ಲಿ ಸ್ನೋಮೊಬೈಲ್ ಎಂಬ ಹಿಮದ ಗಾಡಿಗೆ ಅರಣ್ಯ ಸೇವೆ ಜಾಗ ಬಿಟ್ಟ ಪ್ರಕರಣದಲ್ಲಿ 9ನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಒಂದು ವಿಷಯ ಸ್ಪಷ್ಟಪಡಿಸಿತು: ಹಾನಿಯ ಬಗ್ಗೆ ಯೋಚಿಸಿದ್ದೇವೆ ಎಂದರೆ ಸಾಲದು. ಆ ಜಾಗವನ್ನು ಆರಿಸುವಾಗ ಹಾನಿ ಕಡಿಮೆ ಮಾಡುವ ಮಾನದಂಡಗಳನ್ನು ಹೇಗೆ ಅನ್ವಯಿಸಿದೆ ಎಂದು ಅರಣ್ಯ ಸೇವೆಯೇ ತೋರಿಸಬೇಕು. ಹೊಣೆ ಯಾರದು ಎಂಬ ಪ್ರಶ್ನೆಗೆ ಇಲ್ಲಿ ನೇರ ಉತ್ತರ ಸಿಗುತ್ತದೆ.

2004ರ ತೀರ್ಪನ್ನು ಇದರ ಜೊತೆ ಕಲಸಿಕೊಳ್ಳಬೇಡಿ. ಯೂಟಾದ ವನ್ಯಪ್ರದೇಶ ಅಧ್ಯಯನ ವಲಯಗಳನ್ನು, ಅಂದರೆ ಮುಂದೆ ಸಂರಕ್ಷಿತ ವನ್ಯಪ್ರದೇಶ ಮಾಡಬಹುದೇ ಎಂದು ನೋಡಲು ಗುರುತಿಸಿಟ್ಟ ಜಾಗಗಳನ್ನು, ಗಾಡಿಗಳ ಹಾನಿಯಿಂದ ಬಿಎಲ್‌ಎಂ ಕಾಪಾಡುತ್ತಿಲ್ಲ ಎಂದು ಪರಿಸರ ಸಂಘಟನೆಗಳು ದಾವೆ ಹೂಡಿದ್ದವು. ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಕಾನೂನು ಕಡ್ಡಾಯ ಮಾಡಿದ ನಿರ್ದಿಷ್ಟ ಕೆಲಸ ಬಾಕಿ ಇದ್ದರೆ ಮಾತ್ರ ನ್ಯಾಯಾಲಯ ಸಂಸ್ಥೆಗೆ ‘ಮಾಡಿ’ ಎಂದು ಆದೇಶಿಸಬಹುದು, ಒಟ್ಟಾರೆ ಆಡಳಿತ ಸರಿಯಿಲ್ಲ ಎಂಬ ದೂರಿಗೆ ಅದು ಸಾಧ್ಯವಿಲ್ಲ ಎಂದಿತು. ಪರೀಕ್ಷೆಯಲ್ಲಿ ಪ್ರಕರಣ ಕೊಟ್ಟರೆ, ಸಂಸ್ಥೆ ಒಂದು ತೀರ್ಮಾನ ಮಾಡಿದೆಯಾ ಅಥವಾ ಏನೂ ಮಾಡದೆ ಕೂತಿದೆಯಾ ಎಂದು ಮೊದಲು ನೋಡಿ. ತೀರ್ಮಾನ ಇದ್ದರೆ 2015ರ ದಾರಿ, ಇಲ್ಲದಿದ್ದರೆ 2004ರ ಗೋಡೆ.